ಪಿಲ್ಗ್ರಿಮೇಜ್ ಆಫ್ ಗ್ರೇಸ್ ಅಂದ್ರೇನು? ರಾಜನ ಕಾನೂನು ವಿರೋಧಿಸಿ ಎದ್ದು, ರಾಜನ ಮಾತು ನಂಬಿ ಮನೆಗೆ ಹೋದವರು

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಅವನ ಆರು ಮದುವೆ, ಅದ್ರಲ್ಲಿ ಇಬ್ಬರು ರಾಣಿಯರ ತಲೆ ತೆಗೆಸಿದ್ದು. ಆದ್ರೆ ಅವನು ಆಳಿದ ಸುಮಾರು 38 ವರ್ಷದಲ್ಲಿ ಅವನ ಸಿಂಹಾಸನವನ್ನ ಸ್ವಂತ ಪ್ರಜೆಗಳೇ ಅಲ್ಲಾಡಿಸಿದ್ದು 1536ರ ಕೊನೆಯ ಮೂರು ತಿಂಗಳಲ್ಲಿ. ಉತ್ತರ ಇಂಗ್ಲೆಂಡಿನ ರೈತರು, ಚಪ್ಪಲಿ ಹೊಲಿಯೋರು, ಪಾದ್ರಿಗಳು, ಮಠದ ಸನ್ಯಾಸಿಗಳು, ಜಮೀನ್ದಾರರು ಎಲ್ಲಾ ಒಟ್ಟಿಗೆ ಎದ್ದು ನಿಂತ್ರು, ಸುಮಾರು 30,000 ಜನ ಇದ್ರು ಅಂತ ಸಾಮಾನ್ಯವಾಗಿ ಅಂದಾಜು ಮಾಡ್ತಾರೆ. ಈ ದಂಗೆಗೆ ಅವರೇ ಇಟ್ಟುಕೊಂಡ ಹೆಸರು ಪಿಲ್ಗ್ರಿಮೇಜ್ ಆಫ್ ಗ್ರೇಸ್, ಅಂದ್ರೆ ಕೃಪಾಯಾತ್ರೆ. ತಮ್ಮನ್ನ ಯಾತ್ರಿಕರು ಅಂತಾನೇ ಕರ್ಕೊಂಡ್ರು, ಯೇಸುವಿನ ಪಂಚಗಾಯಗಳ (ಶಿಲುಬೆಗೇರಿಸಿದಾಗ ಆದ ಐದು ಗಾಯಗಳು) ಚಿತ್ರ ಇರೋ ಬಾವುಟ ಹಿಡಿದ್ರು, ಅದೇ ಚಿತ್ರದ ಬ್ಯಾಡ್ಜ್ ಎದೆಗೆ ಹಾಕ್ಕೊಂಡ್ರು.

ಇದು ಯಾಕೆ ಶುರುವಾಯ್ತು ಅನ್ನೋಕೆ ಸ್ವಲ್ಪ ಹಿಂದೆ ಹೋಗ್ಬೇಕು. ಮೊದಲ ಹೆಂಡತಿ ಕ್ಯಾಥರೀನ್ ಜೊತೆಗಿನ ಮದುವೆ ರದ್ದು ಮಾಡೋಕೆ ಪೋಪ್ ಒಪ್ಪಲಿಲ್ಲ ಅಂತ ಹೆನ್ರಿ ರೋಮ್ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡ, 1534ರಲ್ಲಿ ಪಾರ್ಲಿಮೆಂಟ್ ಅವನನ್ನ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ ಅಂತ ಘೋಷಿಸ್ತು. ಇಲ್ಲಿತನಕ ಹಳ್ಳಿಯವರ ದಿನನಿತ್ಯದ ಬದುಕಿಗೆ ದೊಡ್ಡ ವ್ಯತ್ಯಾಸ ಏನಿಲ್ಲ. ಆದ್ರೆ 1536ರಲ್ಲಿ ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯ ಇರೋ ಮಠಗಳನ್ನ ಮುಚ್ಚಿಸಿ ಆಸ್ತಿಯನ್ನ ರಾಜನ ಖಜಾನೆಗೆ ಸೇರಿಸೋ ಕಾನೂನು ತಂದ, ಆಗ ಊರಿಗೂರೇ ಬೆಚ್ಚಿತು. ಯಾಕಂದ್ರೆ ಆ ಕಾಲದ ಯಾರ್ಕ್‌ಷೈರ್ ಕಡೆ ಮಠ ಅಂದ್ರೆ ಪ್ರಾರ್ಥನೆ ಮಾಡೋ ಜಾಗ ಅಷ್ಟೇ ಅಲ್ಲ. ಬಡವರಿಗೆ ಊಟ, ದಾರಿಹೋಕರಿಗೆ ಮಲಗೋಕೆ ಜಾಗ, ಸೇತುವೆ ರಿಪೇರಿ, ಸಮುದ್ರದ ನೀರು ಹೊಲಕ್ಕೆ ನುಗ್ಗದ ಹಾಗೆ ಕಟ್ಟೆ ಕಟ್ಟೋದು, ಇದನ್ನೆಲ್ಲಾ ಮಠಗಳು ಮಾಡ್ತಿದ್ವು. ದಂಗೆಯ ನಾಯಕ ರಾಬರ್ಟ್ ಆಸ್ಕ್ ಸೆರೆಯಲ್ಲಿದ್ದಾಗ ಕೊಟ್ಟ ಹೇಳಿಕೆಯಲ್ಲಿ ಇದನ್ನ ಒಂದೊಂದಾಗಿ ಹೇಳಿದ್ದಾನೆ, ಮಠಗಳು ಈ ರಾಜ್ಯದ ಸೌಂದರ್ಯಗಳಲ್ಲೊಂದು ಅಂತಾನೂ ಹೇಳಿದ್ದಾನೆ. ಸಾವು ಎದುರಿಗಿರೋವಾಗ ಮನುಷ್ಯ ಕೂತು ಸಮುದ್ರದ ಕಟ್ಟೆ ಬಗ್ಗೆ ಬರೀತಾನೆ ಅಂದ್ರೆ ಅದು ಅವನಿಗೆ ಎಷ್ಟು ಮುಖ್ಯ ಆಗಿತ್ತು ನೋಡಿ.

ಅದೇ ವರ್ಷ ಹಬ್ಬಗಳಿಗೂ ಕತ್ತರಿ ಬಿತ್ತು. ಸುಗ್ಗಿ ಕೆಲಸಕ್ಕೆ ತೊಂದರೆ ಆಗುತ್ತೆ ಅನ್ನೋ ಕಾರಣ ಕೊಟ್ಟು ಜುಲೈನಿಂದ ಸೆಪ್ಟೆಂಬರ್ ಕೊನೆ ತನಕ ಬರೋ ಬಹುಪಾಲು ಸಂತರ ಹಬ್ಬಗಳ ರಜೆ ತೆಗೆದುಹಾಕಿದ್ರು, ಲಂಡನ್ನಿನ ಕೋರ್ಟುಗಳು ನಡೆಯೋ ದಿನಗಳಲ್ಲಿ ಬರೋ ಹಬ್ಬಗಳಿಗೂ ಹೆಚ್ಚುಕಮ್ಮಿ ಅದೇ ಗತಿ. ವೆಸ್ಟ್‌ಮೋರ್ಲೆಂಡಿನ ಕರ್ಕ್‌ಬಿ ಸ್ಟೀಫನ್ ಅನ್ನೋ ಊರಲ್ಲಿ ಅಕ್ಟೋಬರ್ ಮಧ್ಯದ ಒಂದು ಭಾನುವಾರ ಪಾದ್ರಿ ಮುಂದಿನ ವಾರ ಬರೋ ಸಂತ ಲೂಕನ ಹಬ್ಬವನ್ನ ಅನೌನ್ಸ್ ಮಾಡ್ಲಿಲ್ಲ ಅಂತಾನೇ ಚರ್ಚ್ ಒಳಗೆ ಗಲಾಟೆ ಎದ್ದು, ಕೊನೆಗೆ ಅವನ ಕೈಯಲ್ಲಿ ಅನೌನ್ಸ್ ಮಾಡಿಸಿದ್ರು. ದೇವತಾಶಾಸ್ತ್ರದ ದೊಡ್ಡ ಚರ್ಚೆ ಅಲ್ಲ ಇದು, ನಮ್ಮ ಊರ ಹಬ್ಬ ಯಾವಾಗ ಅಂತ ಲಂಡನ್ನಿನಲ್ಲಿ ಕೂತವನು ಹೇಳ್ಬೇಕಾ ಅನ್ನೋ ಸಿಟ್ಟು.

ಇದ್ರ ಮೇಲೆ ವದಂತಿಗಳು. ಮುಂದೆ ಊರಿನ ಚರ್ಚ್‌ಗಳನ್ನೂ ಮುಚ್ಚುತ್ತಾರಂತೆ, ಅಲ್ಲಿರೋ ಬೆಳ್ಳಿ ಸಾಮಾನು ಕಿತ್ಕೊಂಡು ಹೋಗ್ತಾರಂತೆ, ಮಗೂಗೆ ಜ್ಞಾನಸ್ನಾನ ಮಾಡಿಸಿದ್ರೂ ತೆರಿಗೆ, ಮದುವೆಗೂ ತೆರಿಗೆ, ಹೆಣ ಹೂಳೋಕೂ ತೆರಿಗೆ ಅಂತೆ. ಇವು ನಿಜ ಅಲ್ಲ, ಆದ್ರೆ ಜನ ಯಾಕೆ ನಂಬಿದ್ರು ಅಂದ್ರೆ ಕಣ್ಣೆದುರಿಗೇ ಅಧಿಕಾರಿಗಳು ಬಂದು ಮಠಗಳ ಪಾತ್ರೆಪಗಡ ಲೆಕ್ಕ ಹಾಕ್ತಿದ್ರು.

ಕಿಡಿ ಹೊತ್ತಿದ್ದು ಲಿಂಕನ್‌ಷೈರಿನ ಲೌತ್ ಅನ್ನೋ ಪೇಟೆಯಲ್ಲಿ, 1536ರ ಅಕ್ಟೋಬರ್ 1, ಭಾನುವಾರ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಿನ ಎತ್ತರದ ಗೋಪುರವನ್ನ ಊರಿನವರು ಕಟ್ಟಿ ಮುಗಿಸಿ 20 ವರ್ಷ ಆಗಿತ್ತಷ್ಟೇ, ಹಾಗಾಗಿ ಆ ಚರ್ಚು ನಮ್ದು ಅನ್ನೋ ಭಾವನೆ ಗಟ್ಟಿಯಾಗಿತ್ತು. ಬೆಳ್ಳಿ ಶಿಲುಬೆಗಳನ್ನ ಹಿಡಿದು ಮೆರವಣಿಗೆ ಹೊರಡೋ ಹೊತ್ತಲ್ಲಿ ಗುಂಪಿನಿಂದ ಒಬ್ಬ, ಇವತ್ತು ಶಿಲುಬೆ ಹಿಂದೆ ನಡೆಯೋಣ ಬನ್ರಪ್ಪಾ, ಮುಂದೆ ನಡೀತೀವೋ ಇಲ್ವೋ ದೇವರಿಗೇ ಗೊತ್ತು ಅನ್ನೋ ಅರ್ಥದ ಮಾತಾಡಿದ. ಸಂಜೆ ಅಷ್ಟೊತ್ತಿಗೆ ಜನ ಚರ್ಚಿನ ಬೀಗದ ಕೈ ಕಿತ್ಕೊಂಡು ರಾತ್ರಿಯೆಲ್ಲಾ ಕಾವಲು ಕೂತ್ರು. ಅವರ ಮುಂದಾಳು ನಿಕೋಲಸ್ ಮೆಲ್ಟನ್, ಚಪ್ಪಲಿ ಹೊಲಿಯೋನು, ಕ್ಯಾಪ್ಟನ್ ಕಾಬ್ಲರ್ ಅಂತಾನೇ ಹೆಸರಾದ. ಈ ಗುಂಪಿನ ಕೈಯಲ್ಲಿ ರಕ್ತಾನೂ ಅಂಟಿದೆ, ಅದನ್ನ ಮುಚ್ಚಿಡಬಾರದು, ಲಿಂಕನ್ ಬಿಷಪ್ಪರ ಚಾನ್ಸಲರ್ (ಮುಖ್ಯ ಅಧಿಕಾರಿ) ಆಗಿದ್ದ ಡಾಕ್ಟರ್ ರೇನ್ಸ್ ಅನ್ನೋರನ್ನ ಹಾರ್ನ್‌ಕಾಸಲ್ ಹತ್ರ ಹೊಡೆದು ಕೊಂದ್ರು. ಎರಡು ವಾರದೊಳಗೆ ರಾಜನ ಸೈನ್ಯ ಬರ್ತಿದೆ ಅಂತ ಗೊತ್ತಾಗಿ ಲಿಂಕನ್‌ಷೈರ್ ದಂಗೆ ಚದುರಿ ಹೋಯ್ತು.

ಆದ್ರೆ ಅಷ್ಟರಲ್ಲಿ ಬೆಂಕಿ ಹಂಬರ್ ನದಿ ದಾಟಿ ಯಾರ್ಕ್‌ಷೈರಿಗೆ ಹೋಗಿತ್ತು. ಅಲ್ಲಿ ಸಿಕ್ಕಿದ ನಾಯಕ ರಾಬರ್ಟ್ ಆಸ್ಕ್, ಲಂಡನ್ನಿನ ಗ್ರೇಸ್ ಇನ್ ಅನ್ನೋ ವಕೀಲರ ಸಂಸ್ಥೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ ಲಾಯರ್, ಒಂದು ಕಣ್ಣು ಇರಲಿಲ್ಲ. ಇವನು ಕೆಲಸಕ್ಕೆ ಲಂಡನ್ನಿಗೆ ವಾಪಸ್ ಹೊರಟಿದ್ದಾಗ ದಾರೀಲಿ ದಂಗೆಯವರ ಕೈಗೆ ಸಿಕ್ಕಿ, ಪ್ರಮಾಣ ಮಾಡಿ, ಕೆಲವೇ ದಿನದಲ್ಲಿ ಇಡೀ ಚಳವಳಿಗೆ ಮುಖ್ಯಸ್ಥ ಆಗಿಬಿಟ್ಟ. ಲಾಯರ್ ಬುದ್ಧಿ ಇಲ್ಲಿ ಕೆಲಸ ಮಾಡ್ತು. ಎಲ್ಲರೂ ಮಾಡಬೇಕಾದ ಪ್ರಮಾಣವಚನ ಬರೆದ, ಅದ್ರಲ್ಲಿ ದೇವರ ಮೇಲಿನ ಪ್ರೀತಿಗಾಗಿ, ಚರ್ಚಿನ ರಕ್ಷಣೆಗಾಗಿ, ರಾಜ ಮತ್ತು ಅವನ ಸಂತಾನದ ರಕ್ಷಣೆಗಾಗಿ ಈ ಯಾತ್ರೆ, ಸ್ವಂತ ಲಾಭಕ್ಕೋ ಯಾರ ಮೇಲಿನ ದ್ವೇಷಕ್ಕೋ ಸೇರಬಾರದು ಅಂತ ಇತ್ತು. ಗಮನಿಸಿ, ರಾಜನ ರಕ್ಷಣೆಗಾಗಿ. ಅವರ ಪ್ರಕಾರ ತಪ್ಪು ಹೆನ್ರಿಯದ್ದಲ್ಲ, ಕಿವಿ ಊದೋ ಕ್ರಾಮ್‌ವೆಲ್ಲನಂಥವರದ್ದು. ನನ್ನ ಮಟ್ಟಿಗೆ ಈ ಚಳವಳಿಯ ಬಲ, ದೌರ್ಬಲ್ಯ ಎರಡೂ ಇರೋದು ಇದೇ ಸಾಲಲ್ಲಿ.

ಅಕ್ಟೋಬರ್ 16ಕ್ಕೆ ಯಾರ್ಕ್ ನಗರ ಅವರ ಕೈಗೆ ಬಂತು, ಓಡಿಸಿದ್ದ ಸನ್ಯಾಸಿಗಳನ್ನ ಮತ್ತೆ ಮಠಗಳಿಗೆ ಕರೆಸಿ ಕೂರಿಸಿದ್ರು, ಆಮೇಲೆ ಲಾರ್ಡ್ ಡಾರ್ಸಿ ಪಾಂಟಿಫ್ರಾಕ್ಟ್ ಕೋಟೆ ಬಿಟ್ಟುಕೊಟ್ಟು ತಾನೂ ಅವರ ಜೊತೆ ಸೇರಿದ. ಡಾನ್‌ಕಾಸ್ಟರ್ ಹತ್ರ ಡಾನ್ ನದಿಯ ಆ ಕಡೆ ರಾಜನ ಪರವಾಗಿ ನಾರ್ಫೋಕ್ ಡ್ಯೂಕ್, ಅವನ ಹತ್ರ ಹತ್ತು ಸಾವಿರಾನೂ ಇಲ್ಲದ ಸೈನ್ಯ, ಈ ಕಡೆ ಅದರ ಮೂರು ಪಟ್ಟು ಜನ. ನುಗ್ಗಿದ್ರೆ ಲಂಡನ್ ದಾರಿ ಹೆಚ್ಚುಕಮ್ಮಿ ಖಾಲಿ. ಅವರು ನುಗ್ಗಲಿಲ್ಲ, ಮಾತುಕತೆಗೆ ಕೂತ್ರು. ಡಿಸೆಂಬರ್ ಮೊದಲ ವಾರ ಪಾಂಟಿಫ್ರಾಕ್ಟಿನಲ್ಲಿ ಸಭೆ ಸೇರಿ 24 ಬೇಡಿಕೆಗಳ ಪಟ್ಟಿ ಮಾಡಿದ್ರು, ಪೋಪ್‌ನ ಧಾರ್ಮಿಕ ಅಧಿಕಾರ, ಮುಚ್ಚಿದ ಮಠಗಳು, ಕ್ಯಾಥರೀನಳ ಮಗಳು ಮೇರಿಯ ಹಕ್ಕು, ಕ್ರಾಮ್‌ವೆಲ್ಲನಿಗೆ ಶಿಕ್ಷೆ, ಜೊತೆಗೆ ಜಮೀನಿನ ಗೇಣಿ, ತೆರಿಗೆ ವಿಷಯ ಕೂಡ. ನಾರ್ಫೋಕ್ ಎಲ್ಲರಿಗೂ ಕ್ಷಮೆ ಸಿಗುತ್ತೆ, ಬೇಡಿಕೆ ಚರ್ಚೆ ಮಾಡೋಕೆ ಪಾರ್ಲಿಮೆಂಟ್ ಕರೀತಾರೆ ಅಂತ ಮಾತು ಕೊಟ್ಟ. ಆಸ್ಕ್ ಎಲ್ಲರೆದುರಿಗೆ ಎದೆ ಮೇಲಿದ್ದ ಪಂಚಗಾಯಗಳ ಬ್ಯಾಡ್ಜ್ ಕಿತ್ತು, ಇನ್ಮೇಲೆ ನಮಗೆ ನಮ್ಮ ರಾಜನ ಬ್ಯಾಡ್ಜ್ ಬಿಟ್ಟು ಬೇರೆ ಬ್ಯಾಡ್ಜ್ ಇಲ್ಲ ಅಂದ. ಜನ ಮನೆಗೆ ಹೋದ್ರು.

ಹೆನ್ರಿ ಆ ಕ್ರಿಸ್ಮಸ್‌ಗೆ ಆಸ್ಕ್‌ನನ್ನ ಅರಮನೆಗೆ ಕರೆಸಿ ಆದರ ಮಾಡಿದ, ಕೆಂಪು ಸ್ಯಾಟಿನ್ ಅಂಗಿ ಕೊಟ್ಟ. ಆಸ್ಕ್ ಊರಿಗೆ ಬಂದು ರಾಜ ಒಳ್ಳೇವನು, ಮಾತು ಉಳಿಸ್ಕೊಳ್ತಾನೆ ಅಂತ ಎಲ್ಲರಿಗೂ ಹೇಳಿದ. 1537ರ ಜನವರಿಯಲ್ಲಿ ಸರ್ ಫ್ರಾನ್ಸಿಸ್ ಬೈಗಾಡ್ ಅನ್ನೋನು ಈ ಕ್ಷಮೆಯನ್ನ ನಂಬೋಕಾಗಲ್ಲ ಅಂತ ಮತ್ತೆ ಜನ ಸೇರಿಸಿದ, ಅದನ್ನ ತಣ್ಣಗೆ ಮಾಡೋಕೆ ಆಸ್ಕ್ ಕೂಡ ಓಡಾಡಿದ. ಆದ್ರೆ ರಾಜನಿಗೆ ಬೇಕಾಗಿದ್ದ ನೆಪ ಅದೇ ಆಗಿತ್ತು. ಫೆಬ್ರವರಿಯಲ್ಲಿ ಕಾರ್ಲೈಲ್ ಅನ್ನೋ ಊರಿನ ಮೇಲೆ ದಾಳಿ ಮಾಡಿ ಸೋತವರಲ್ಲಿ 74 ಜನರನ್ನ ಮಾರ್ಷಲ್ ಲಾ ಹಾಕಿ ಅವರವರ ಊರಲ್ಲೇ ನೇಣಿಗೆ ಏರಿಸಿದ್ರು, ನೇತಾಡ್ತಿದ್ದ ಹೆಣಗಳನ್ನ ಹೆಂಡತಿಯರು, ತಾಯಂದಿರು ರಾತ್ರಿ ಹೊತ್ತು ಇಳಿಸಿ ಕದ್ದು ಹೂಳಬೇಕಾಯ್ತು. ಅದಕ್ಕೂ ರಾಜ ಸಿಟ್ಟಾಗಿ ವಿಚಾರಣೆ ಮಾಡಿಸಿದ. ಒಟ್ಟು ಇನ್ನೂರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಯ್ತು. ಡಾರ್ಸಿಯ ತಲೆ ಲಂಡನ್ನಿನಲ್ಲಿ ಉರುಳ್ತು, ಮಾರ್ಗರೇಟ್ ಚೇನಿ ಅನ್ನೋ ಹೆಂಗಸನ್ನ ಸ್ಮಿತ್‌ಫೀಲ್ಡಿನಲ್ಲಿ ಸುಟ್ಟರು, ಜೂನ್‌ನಲ್ಲಿ ಜೆರ್‌ವೋ ಮಠದ ಮುಖ್ಯಸ್ಥ ಆಡಂ ಸೆಡ್‌ಬಾರ್‌ಗೆ ಮರಣದಂಡನೆ, ಅವನು ಸೆರೆಮನೆಯ ಗೋಡೆ ಮೇಲೆ ಕೆತ್ತಿದ ಹೆಸರು ಟವರ್ ಆಫ್ ಲಂಡನ್ನಿನಲ್ಲಿ ಈಗಲೂ ಇದೆ. ಆಸ್ಕ್‌ನನ್ನ 1537ರ ಜುಲೈ 12ಕ್ಕೆ ಯಾರ್ಕ್‌ನಲ್ಲಿ ಸರಪಳಿ ಬಿಗಿದು ನೇತುಹಾಕಿದ್ರು.

ಇದು ಧರ್ಮದ ದಂಗೆಯಾ, ಹೊಟ್ಟೆಪಾಡಿನ ದಂಗೆಯಾ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡ್ತಾರೆ. ಗೇಣಿ, ತೆರಿಗೆ ಬೇಡಿಕೆಗಳು ಪಟ್ಟಿಯಲ್ಲಿ ಇದ್ದದ್ದು ನಿಜ, ಉತ್ತರದ ಕೆಲವು ಕಡೆ ಕ್ಯಾಪ್ಟನ್ ಪಾವರ್ಟಿ (ಕ್ಯಾಪ್ಟನ್ ಬಡತನ) ಅನ್ನೋ ಹೆಸರಲ್ಲಿ ಪತ್ರಗಳೂ ಓಡಾಡಿದ್ವು. ನನಗೆ ಅನ್ಸೋದು, ಮಠವೇ ಅನ್ನ ಹಾಕ್ತಿದ್ದ ಊರಲ್ಲಿ ಈ ಎರಡನ್ನ ಬೇರೆ ಮಾಡೋಕೆ ಹೋಗೋದೇ ತಪ್ಪು, ಅಲ್ಲಿನ ರೈತನಿಗೆ ಎರಡೂ ಒಂದೇ ದಿನ ಹೋಗ್ತಿತ್ತು.

ದಂಗೆ ಅಡಗಿದ್ಮೇಲೆ ದೊಡ್ಡ ಮಠಗಳಿಗೂ ಕೈ ಹಾಕಿದ್ರು, 1540ರ ಮಾರ್ಚ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಮಠಾನೂ ಉಳೀಲಿಲ್ಲ. ಅದೇ ವರ್ಷ ಜುಲೈನಲ್ಲಿ ಹೆನ್ರಿ ಕ್ರಾಮ್‌ವೆಲ್ಲನ ತಲೆಯನ್ನೂ ತೆಗೆಸಿದ, ಅದು ಬೇರೆ ಕಾರಣಕ್ಕೆ. ಉತ್ತರದವರಿಗೆ ಮಾತು ಕೊಟ್ಟಿದ್ದ ಪಾರ್ಲಿಮೆಂಟ್ ಸೇರಲೇ ಇಲ್ಲ. 1541ರಲ್ಲಿ ಹೆನ್ರಿ ಕೊನೆಗೂ ಯಾರ್ಕ್‌ಗೆ ಬಂದ, ಆಗ ದಂಗೆಯಲ್ಲಿದ್ದವರು ಅವನೆದುರು ಮಂಡಿಯೂರಿ ತಪ್ಪೊಪ್ಪಿಕೊಂಡು ಕಾಣಿಕೆ ಹಣ ಒಪ್ಪಿಸಿದ್ರು.