ಗಾಳಿಗೆ ಹಾಕಿದ ಹಲಗೆ ಕಾರನ್ನು ತಡೆಯುವುದಿಲ್ಲ

ಟ್ರೇಲರ್‌ನ ಎರಡೂ ಪಕ್ಕಕ್ಕೆ ಉದ್ದನೆಯ ಫೈಬರ್ ಹಲಗೆ ಹಾಕಿಸಿದ ಮಾಲೀಕರು ನನಗೆ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಡೀಸೆಲ್ಲೂ ಉಳೀತು ಸಾರ್, ಸೇಫ್ಟಿನೂ ಆಯ್ತು." ಮೊದಲರ್ಧ ಒಪ್ಪುತ್ತೇನೆ, ಅದೂ ಕೆಲವು ಷರತ್ತಿನ ಮೇಲೆ. ಎರಡನೆಯರ್ಧ ಕೇಳಿದಾಗಲೆಲ್ಲ ತಲೆ ಬಿಸಿಯಾಗುತ್ತದೆ. ಲಾರಿಗೆ ಹಾಕುವ ಹೊಸ ಸಾಧನಗಳನ್ನು ಪರೀಕ್ಷಿಸಿ ಅಭಿಪ್ರಾಯ ಕೊಡುವುದು ನನ್ನ ಕೆಲಸ. ಮಾಲೀಕರು ಹೋಗಲಿ, ಸಾಧನ ಕಂಡುಹಿಡಿದು ನಕ್ಷೆ ಹಿಡಿದು ಬರುವವರೂ ಇದನ್ನೇ ಹೇಳಿದರೆ ಏನು ಮಾಡೋಣ?

ಗಾಳಿಯ ವಿಷಯ ಬೇಗ ಮುಗಿಸುತ್ತೇನೆ. ಹೆದ್ದಾರಿ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಚಕ್ರಕ್ಕೆ ತಲುಪುವ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ 80ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಊರೊಳಗೆ ನಿಂತು ನಿಂತು ಓಡುವ ಲಾರಿಗೆ ಏನು ಅಂಟಿಸಿದರೂ ಭಾರ ಜಾಸ್ತಿ ಆಗುತ್ತದೆ, ಅಷ್ಟೇ.

ಎಲ್ಲರ ಕಣ್ಣೂ ಲಾರಿಯ ಮೂತಿಯ ಮೇಲೆ. ಆದರೆ ಮೂತಿಯ ಕಥೆ ಹಳೆಯದು. ಕ್ಯಾಬಿನ್ ಮೇಲೆ ಕೂರಿಸುವ ಗಾಳಿ ತಿರುಗಿಸುವ ಹಲಗೆಗೆ ಅಮೆರಿಕದಲ್ಲಿ 1966ರಲ್ಲೇ ಪೇಟೆಂಟ್ ಸಿಕ್ಕಿತ್ತು. 1970ರ ದಶಕದಲ್ಲಿ ನಾಸಾದವರು ಒಂದು ವ್ಯಾನಿಗೆ ಅಲ್ಯೂಮಿನಿಯಂ ತಗಡು ಹೊದಿಸಿ, ಚೌಕಾಕಾರದ ಪೆಟ್ಟಿಗೆ ಮಾಡಿ ಓಡಿಸಿ ನೋಡಿದರು. ಅಂಚುಗಳನ್ನು ದುಂಡಗೆ ಮಾಡಿದಾಗ ಗಾಳಿಯ ಎಳೆತ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಇವತ್ತಿನ ಕ್ಯಾಬಿನ್‌ಗಳು ದುಂಡಗಿರುವುದರ ಹಿಂದೆ ಇಂಥ ಕೆಲಸಗಳಿವೆ. ಈಗ ಉಳಿದಿರುವ ಲಾಭವೆಲ್ಲ ಟ್ರೇಲರ್‌ನಲ್ಲಿದೆ. ಕ್ಯಾಬಿನ್‌ಗೂ ಟ್ರೇಲರ್‌ಗೂ ನಡುವಿನ ಸಂದು, ಹೊಟ್ಟೆಯ ಕೆಳಭಾಗ, ಮತ್ತೆ ಹಿಂಬದಿ. ಲಾರಿ ಬಿಟ್ಟು ಹೋದ ಜಾಗವನ್ನು ಗಾಳಿ ತಕ್ಷಣ ತುಂಬಲಾರದು. ಅಲ್ಲಿ ಒತ್ತಡ ಕುಸಿದು ಲಾರಿಯನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂದಿನ ಬಾಗಿಲಿಗೆ ಒಳಮುಖವಾಗಿ ರೆಕ್ಕೆ ಹಾಕುವುದು ಇದಕ್ಕೇ. ರೆಕ್ಕೆ ಕೆಲಸ ಮಾಡುತ್ತದೆ. ಆದರೆ ಬಾಗಿಲು ತೆಗೆಯುವಾಗಲೆಲ್ಲ ಅದನ್ನು ಮಡಚಬೇಕು, ಹೊರಡುವಾಗ ಮತ್ತೆ ಬಿಚ್ಚಬೇಕು. ಡ್ರೈವರ್‌ಗೆ ಅದಕ್ಕೆ ಪುರುಸೊತ್ತು ಎಲ್ಲಿ? ಮಡಚಿಟ್ಟ ರೆಕ್ಕೆ ಹೊತ್ತು ತಿರುಗುವ ಟ್ರೇಲರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪಕ್ಕದ ಹಲಗೆಗೆ ಲಾರಿಯವರು ಸ್ಕರ್ಟ್ ಅನ್ನುತ್ತಾರೆ. ಅಡ್ಡಗಾಳಿ ಟ್ರೇಲರ್ ಕೆಳಗೆ ನುಗ್ಗಿ ಆಕ್ಸಲ್‌ಗೆ, ಅಡ್ಡ ತೊಲೆಗಳಿಗೆ ಬಡಿಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅಮೆರಿಕದ ಪರಿಸರ ಸಂಸ್ಥೆಯ ಸ್ಮಾರ್ಟ್‌ವೇ ಯೋಜನೆ ಇಂಥ ಸ್ಕರ್ಟ್‌ಗಳಿಗೆ ಶೇ 4, ಶೇ 5 ಇಂಧನ ಉಳಿತಾಯದ ಮಾನ್ಯತೆ ಕೊಟ್ಟಿದೆ. ಹೆದ್ದಾರಿಯಲ್ಲೇ ದಿನ ಕಳೆಯುವ ಲಾರಿಗೆ ಇದು ಸಣ್ಣದಲ್ಲ. ಒಂದು ಎಚ್ಚರ: ಗಾಳಿಯ ಎಳೆತ ಶೇ 10 ಇಳಿದರೆ ಡೀಸೆಲ್ ಶೇ 10 ಉಳಿಯುವುದಿಲ್ಲ, ಅದರ ಅರ್ಧ ಬಂದರೆ ಪುಣ್ಯ. "ಹೋದ ತಿಂಗಳಿಗಿಂತ ಮೈಲೇಜ್ ಚೆನ್ನಾಗಿದೆ" ಅನ್ನುವ ಲೆಕ್ಕವನ್ನು ನಾನು ತೆಗೆದುಕೊಳ್ಳುವುದಿಲ್ಲ. ಒಂದೇ ಥರದ ಎರಡು ಲಾರಿ, ಒಂದೇ ರಸ್ತೆ, ಒಂದೇ ಹೊತ್ತು. ಒಂದಕ್ಕೆ ಸಾಧನ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಡೀಸೆಲ್ ತೂಕ ಹಾಕಿ ನೋಡಬೇಕು.

ಈಗ ಅಸಲು ವಿಷಯ.

ಕಾರೊಂದು ಟ್ರೇಲರ್‌ಗೆ ಗುದ್ದಿದರೆ ಏನಾಗುತ್ತದೆ? ಕಾರಿನ ಬಂಪರ್, ಜಜ್ಜಿಕೊಂಡು ಪೆಟ್ಟು ಹೀರುವ ಮುಂಭಾಗ, ಏರ್‌ಬ್ಯಾಗ್‌ಗೆ ಸುದ್ದಿ ಮುಟ್ಟಿಸುವ ಸೆನ್ಸರ್, ಎಲ್ಲವೂ ಕೆಳಗಿರುತ್ತವೆ. ಟ್ರೇಲರ್‌ನ ನೆಲ ಒಂದು ಮೀಟರ್‌ಗಿಂತ ಮೇಲಿರುತ್ತದೆ. ಕಾರಿನ ಮೂತಿ ಏನೂ ತಾಗದೆ ಕೆಳಗೆ ನುಸುಳುತ್ತದೆ. ಟ್ರೇಲರ್‌ನ ಅಂಚು ನೇರವಾಗಿ ಮುಂದಿನ ಗಾಜಿಗೆ ಬರುತ್ತದೆ, ಅಂದರೆ ಕೂತವರ ತಲೆಯ ಮಟ್ಟಕ್ಕೆ. ಸೀಟ್ ಬೆಲ್ಟ್ ಕಟ್ಟಿದ್ದರೂ ಅಷ್ಟೇ. ಅಮೆರಿಕದ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ 1967ರಲ್ಲಿ ತೀರಿಕೊಂಡದ್ದು ಕಾರು ಟ್ರೇಲರ್‌ನ ಹಿಂಬದಿಗೆ ನುಗ್ಗಿದ್ದರಿಂದ. ಟ್ರೇಲರ್ ಹಿಂದಿನ ಅಡ್ಡ ಕಂಬಿಯನ್ನು ಅಲ್ಲಿನವರು ಇವತ್ತಿಗೂ ಆಕೆಯ ಹೆಸರಿನಲ್ಲೇ ಕರೆಯುತ್ತಾರೆ. ಹಿಂದೆ ಕಂಬಿ ಇರಬೇಕು ಅನ್ನುವ ನಿಯಮ ಅಲ್ಲಿ 1953ರಿಂದಲೂ ಇತ್ತು. ಅದು ಎಷ್ಟು ಗಟ್ಟಿ ಇರಬೇಕು ಅಂತ ಅಳತೆ ಹಾಕಿ ಹೇಳಿದ್ದು 1998ರಲ್ಲಿ ಜಾರಿಗೆ ಬಂದ ನಿಯಮ.

ಕಾರನ್ನು ನಿಲ್ಲಿಸಬೇಕಾದರೆ ಎಷ್ಟು ಬಲ ಬೇಕು ಅನ್ನುವುದಕ್ಕೆ ವಿಶ್ವಸಂಸ್ಥೆಯ ವಾಹನ ನಿಯಮಗಳನ್ನೇ ನೋಡಿ. 58ನೆಯ ನಿಯಮ ಹಿಂಬದಿಯ ಗಾರ್ಡ್‌ನದು, ಅಂದರೆ ಮೇಲೆ ಹೇಳಿದ ಅಡ್ಡ ಕಂಬಿಯದು. ಅದರ ಈಚಿನ ತಿದ್ದುಪಡಿಯ ಪ್ರಕಾರ ಭಾರಿ ವಾಹನದ ಗಾರ್ಡ್ ಕೆಲವು ಬಿಂದುಗಳಲ್ಲಿ 180 ಕಿಲೋನ್ಯೂಟನ್ ತಡೆಯಬೇಕು. ಅಂದರೆ 18 ಟನ್ ಭಾರ ಹೇರಿದಷ್ಟು. 73ನೆಯ ನಿಯಮ ಪಕ್ಕದ ಗಾರ್ಡ್‌ನದು. ಅದು ಕೇಳುವುದು 1 ಕಿಲೋನ್ಯೂಟನ್. 22 ಸೆಂ.ಮೀ. ಅಗಲದ ಚಪ್ಪಟೆ ಬಿಲ್ಲೆಯಿಂದ ಸುಮಾರು 100 ಕಿಲೋ ಭಾರದಷ್ಟು ಒತ್ತುತ್ತಾರೆ. ಗಾರ್ಡ್ 15 ಸೆಂ.ಮೀ. ಒಳಗೆ ಹೋದರೂ ಪಾಸ್. ಕೊನೆಯ 25 ಸೆಂ.ಮೀ. ಭಾಗದಲ್ಲಿ ಮಾತ್ರ 3 ಸೆಂ.ಮೀ. ದಾಟಬಾರದು.

ಒಂದು ಕಡೆ 180, ಇನ್ನೊಂದು ಕಡೆ 1. ನಿಯಮ ಬರೆದವರು ಸೊನ್ನೆ ಮರೆತಿಲ್ಲ. ಪಕ್ಕದ ಗಾರ್ಡ್ ಇರುವುದು ನಡೆದು ಹೋಗುವವರಿಗೆ, ಸೈಕಲ್ ಮತ್ತು ಬೈಕಿನವರಿಗೆ. ಅವರು ಆಯ ತಪ್ಪಿದರೆ ಹಿಂದಿನ ಚಕ್ರದಡಿ ಹೋಗದಂತೆ ಪಕ್ಕಕ್ಕೆ ಸರಿಸುವುದು ಅದರ ಕೆಲಸ. ದೊಡ್ಡ ಕೆಲಸವೇ ಅದು, ಹಗುರವಾಗಿ ನೋಡಬೇಡಿ. ಸ್ವಲ್ಪ ಗಟ್ಟಿಯಾದ ಸ್ಕರ್ಟ್ ಈ ಪರೀಕ್ಷೆ ದಾಟಬಹುದು, ತೆಳು ಹಲಗೆ ದಾಟದೇ ಇರಬಹುದು. ಪ್ರಮಾಣಪತ್ರ ನೋಡದೆ ನಾನು ಯಾವುದನ್ನೂ ಹೇಳಲಾರೆ. ಆದರೆ ದಾಟಿದರೂ ಅದು ಕಾರಿಗಲ್ಲ. ಕೊಡೆ ಮಳೆ ತಡೆಯುತ್ತದೆ ಅಂತ ಕಲ್ಲು ಬೀಳುವಾಗ ಅದರಡಿ ನಿಲ್ಲುತ್ತೀರಾ?

ಇದನ್ನು ಯಾರೋ ಊಹಿಸಿ ಹೇಳಿದ್ದಲ್ಲ. 2017ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿತು. ಗಂಟೆಗೆ 56 ಕಿ.ಮೀ. ವೇಗದಲ್ಲಿ ಮಧ್ಯಮ ಗಾತ್ರದ ಕಾರನ್ನು ಟ್ರೇಲರ್‌ನ ಪಕ್ಕಕ್ಕೆ ಗುದ್ದಿಸಿದರು. ಒಂದು ಟ್ರೇಲರ್‌ಗೆ ಬರೀ ಫೈಬರ್ ಸ್ಕರ್ಟ್ ಇತ್ತು. ಕಾರು ಅದನ್ನು ಸೀಳಿಕೊಂಡು ಕೆಳಗೆ ನುಗ್ಗಿತು, ಮೇಲ್ಛಾವಣಿ ಕಿತ್ತುಹೋಯಿತು. ಇನ್ನೊಂದಕ್ಕೆ ಕಾರು ತಡೆಯುವುದಕ್ಕೆಂದೇ ಮಾಡಿದ ಗಾರ್ಡ್ ಇತ್ತು. ಅದು ಬಾಗಿತು, ಆದರೆ ಕಾರನ್ನು ಕೆಳಗೆ ಬಿಡಲಿಲ್ಲ. ಕಾರಿನ ಮುಂಭಾಗ ಜಜ್ಜಿತು, ಏರ್‌ಬ್ಯಾಗ್, ಬೆಲ್ಟು ತಮ್ಮ ಕೆಲಸ ಮಾಡಿದವು. ಎರಡು ಟ್ರೇಲರ್‌ಗಳನ್ನೂ ದೂರದಿಂದ ನೋಡಿದರೆ ಪಕ್ಕ ಮುಚ್ಚಿದಂತೆಯೇ ಕಾಣುತ್ತದೆ. ಎಡವಟ್ಟಾಗುವುದು ಅಲ್ಲೇ.

ಯಾರಾದರೂ ಸ್ಕರ್ಟ್ ತೋರಿಸಿ ಸುರಕ್ಷತೆಯ ಮಾತೆತ್ತಿದರೆ ನಾನು ಮಾತಾಡುವುದಿಲ್ಲ. ಪಕ್ಕದಲ್ಲಿ ನಿಂತು ಮೊಣಕಾಲಿನಿಂದ ಒತ್ತುತ್ತೇನೆ. ಹಲಗೆ ಒಳಗೆ ಹೋಗಿ, ಬಿಟ್ಟರೆ ಪಟ್ಟಂತ ಹೊರಗೆ ಬರುತ್ತದೆ. ಆಮೇಲೆ ಕೆಳಗೆ ಬಗ್ಗಿ ಹಿಡಿಕೆ ನೋಡಿ ಅನ್ನುತ್ತೇನೆ. ನೆಲದ ತೊಲೆಗೆ ಕಚ್ಚಿಸಿದ ಕ್ಲಾಂಪು, ಅಲ್ಲಿಂದ ಇಳಿದ ಬಾಗುವ ಪಟ್ಟಿ, ನಾಲ್ಕು ಬೋಲ್ಟು. ಇದನ್ನು ತಪ್ಪು ಅನ್ನುತ್ತಿಲ್ಲ. ಒಳ್ಳೆಯ ಸ್ಕರ್ಟ್ ಬಾಗಲೇಬೇಕು. ಇಳಿಜಾರಿನ ಬುಡದಲ್ಲೋ ರೈಲ್ವೆ ಗೇಟಿನ ದಿಬ್ಬದಲ್ಲೋ ನೆಲಕ್ಕೆ ಉಜ್ಜಿದಾಗ ಬಾಗಿ ವಾಪಸ್ ಬರಬೇಕು, ಇಲ್ಲದಿದ್ದರೆ ಮೊದಲ ವಾರದಲ್ಲೇ ಪುಡಿ. ಕಾರು ತಡೆಯುವ ಗಾರ್ಡ್ ಬಾಗುವುದಾದರೂ ಬಹಳ ಕಷ್ಟಪಟ್ಟು, ಸ್ವಲ್ಪವೇ ಬಾಗಬೇಕು. ಒಂದಕ್ಕೆ ಯಾವುದು ಗುಣವೋ ಇನ್ನೊಂದಕ್ಕೆ ಅದೇ ದೋಷ. ಈ ಎರಡನ್ನೂ ಒಂದೇ ಹಲಗೆಯಿಂದ ಮಾಡಿಸುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇಷ್ಟು: ಬಲ ಒಳಗಿನ ಉಕ್ಕಿನ ಚೌಕಟ್ಟಿನಲ್ಲಿರಲಿ, ನುಣುಪು ಹೊರಗಿನ ಹೊದಿಕೆಯಲ್ಲಿರಲಿ.

ಒಬ್ಬ ಹುಡುಗ ಬಂದಿದ್ದ, ಚುರುಕಾದವನು, ವೆಲ್ಡಿಂಗ್ ಕೈ ಚೆನ್ನಾಗಿತ್ತು. ಮೇಲಿನ ಮಾತು ಕೇಳಿ ಹೋಗಿ, ದಪ್ಪ ಉಕ್ಕಿನ ತಗಡಿನಲ್ಲಿ ಸ್ಕರ್ಟ್ ಮಾಡಿ ತಂದ. "ಈಗ ಬಾಗಲ್ಲ ಸಾರ್" ಅಂದ. ಬಾಗಲ್ಲ, ನಿಜ. ಆದರೆ ಹಿಡಿಕೆ ಹಳೆಯದೇ. ಕಾರು ಗುದ್ದಿದರೆ ತಗಡು ಹಾಗೇ ಇರುತ್ತದೆ, ಬೋಲ್ಟು ಕಿತ್ತುಕೊಂಡು ಇಡೀ ತಗಡು ಒಳಗೆ ಮಡಚಿಕೊಳ್ಳುತ್ತದೆ. ಗುದ್ದಿದ ಬಲ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಸುಮ್ಮನಾದ. ಅದು ಕಂಬದ ಮೂಲಕ ಮುಖ್ಯ ತೊಲೆಗೆ, ಅಡ್ಡ ಪಟ್ಟಿಯ ಮೂಲಕ ಇನ್ನೊಂದು ಪಕ್ಕದ ಚೌಕಟ್ಟಿಗೆ ಹರಿಯಬೇಕು. ತಗಡಿನ ದಪ್ಪ ಆಮೇಲಿನ ಮಾತು. ಮೇಲಾಗಿ ಆ ತೂಕ! ಅಷ್ಟು ಕಿಲೋ ಸರಕು ಕಡಿಮೆ ಹೇರಬೇಕಾಗುತ್ತದೆ, ಮಾಲೀಕರು ಒಪ್ಪುತ್ತಾರಾ? ಹುಡುಗ ಬೇಜಾರಾಗದೆ ಅಳತೆ ಬರೆದುಕೊಂಡು ಹೋದ. ಇಂಥವರು ಬಂದರೆ ನನಗೆ ಖುಷಿ.

ಡ್ರೈವರ್‌ಗಳು ಹೇಳುವುದನ್ನೂ ಕೇಳಬೇಕು. ಸ್ಕರ್ಟ್ ಹಾಕಿದ ಮೇಲೆ ಮಳೆಯಲ್ಲಿ ಪಕ್ಕದ ಕನ್ನಡಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ ಅಂತ ಒಬ್ಬ ಹಿರಿಯ ಡ್ರೈವರ್ ಹೇಳಿದರು. ಚಕ್ರ ಎರಚುವ ನೀರಿಗೆ ಹಲಗೆ ಅಡ್ಡ ಬರುತ್ತದೆ, ಹಾಗಾಗಿ ಇದ್ದರೂ ಇರಬಹುದು. ಎಲ್ಲ ಲಾರಿಯಲ್ಲೂ ಹೀಗೇ ಅಂತ ಬರೆದುಕೊಡಲಾರೆ. ಅವರೇ ಇನ್ನೊಂದು ದೂರನ್ನೂ ಹೇಳಿದರು: ಗಾಳಿ ಪೈಪ್ ಸೋರುತ್ತಿದೆಯಾ, ಒಳಗಿನ ಟೈರ್ ಹೇಗಿದೆ ಅಂತ ನೋಡಲು ಈಗ ನೆಲಕ್ಕೆ ಮಲಗಬೇಕು. ಮಲಗುವವರು ಎಷ್ಟು ಜನ? ಚಕ್ರದವರೆಗೂ ಮುಚ್ಚುವ ಹಲಗೆಗೆ ತೆರೆಯುವ ಬಾಗಿಲು ಬೇಕೇ ಬೇಕು. ಬ್ರೇಕ್‌ಗೆ ತಂಪು ಗಾಳಿ ಹೋಗುತ್ತದಾ ಅಂತಲೂ ನೋಡಬೇಕು. ಪಕ್ಕದ ದೀಪ, ಹೊಳೆಯುವ ಪಟ್ಟಿ ಮುಚ್ಚಿಹೋದರೆ ಅವನ್ನು ಹಲಗೆಯ ಹೊರಮೈಗೆ ತರಬೇಕು. ರಾತ್ರಿ ಅಡ್ಡ ನಿಂತ ಟ್ರೇಲರ್ ಕಾಣುವುದೇ ಅದರಿಂದ.

ಪಕ್ಕದ ಗದ್ದಲದಲ್ಲಿ ಹಿಂದಿನ ಗಾರ್ಡನ್ನು ಎಲ್ಲರೂ ಮರೆಯುತ್ತಾರೆ. 2013ರಲ್ಲಿ ಅದೇ ವಿಮಾ ಸಂಸ್ಥೆ ಎಂಟು ಕಂಪನಿಗಳ ಟ್ರೇಲರ್‌ಗಳಿಗೆ ಹಿಂದಿನಿಂದ ಕಾರು ಗುದ್ದಿಸಿತು. ನಡುಮಧ್ಯಕ್ಕೆ ಗುದ್ದಿದಾಗ ಎಂಟೂ ತಡೆದವು. ಕಾರಿನ ಅಗಲದ ಶೇ 30 ಮಾತ್ರ ತಾಗುವಂತೆ ಮೂಲೆಗೆ ಗುದ್ದಿಸಿದಾಗ ನಿಂತದ್ದು ಒಂದೇ ಒಂದು. ಹಾಗಾಗಿ ಗಾರ್ಡ್ ಪರೀಕ್ಷಿಸುವಾಗ ನಾನು ಮೊದಲು ನೋಡುವುದು ತುದಿಗಳನ್ನು. ಸರಕು ಇಳಿಸುವ ಕಟ್ಟೆಗೆ ರಿವರ್ಸ್‌ನಲ್ಲಿ ತಾಗಿ ತಾಗಿ ತುದಿ ಬಾಗಿರುತ್ತದೆ, ಬೆಸುಗೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ, ಮೇಲೆ ಹೊಸ ಬಣ್ಣ ಹೊಡೆದಿರುತ್ತಾರೆ. ಬಾಗಿದ್ದನ್ನು ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿಸಿ ತಂದರೆ ನಾನು ಸಹಿ ಹಾಕುವುದಿಲ್ಲ. ಹೊಸದು ಹಾಕಿಸಿಕೊಂಡು ಬನ್ನಿ.