ಪಿವಿಎ ಜೆಲ್‌ನಿಂದ ಕೋಬಾಲ್ಟ್ ಫೆರೈಟ್: ಒಂದು ಲ್ಯಾಬ್ ಟಿಪ್ಪಣಿ

ಕೋಬಾಲ್ಟ್ ಫೆರೈಟ್ ಎಂದರೆ ಕೋಬಾಲ್ಟ್, ಕಬ್ಬಿಣ ಎರಡೂ ಸೇರಿದ ಆಕ್ಸೈಡ್, ಅಯಸ್ಕಾಂತಕ್ಕೆ ಅಂಟುತ್ತದೆ. ಇಂಥದ್ದನ್ನು ಪುಡಿ ಅರೆದು ಸುಟ್ಟು ಮಾಡುವುದರ ತೊಡಕು ಸಿಮೆಂಟ್‌ನಲ್ಲೇ ಕಾಣುತ್ತದೆ. ಕಲಬುರಗಿಯಲ್ಲಿ ಓದುವವರಿಗೆ ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳು ಗೊತ್ತೇ ಇವೆ. ಸಿಮೆಂಟ್ ಮಾಡಲು ಸುಣ್ಣದ ಕಲ್ಲು, ಜೇಡಿಮಣ್ಣು ಅರೆದು ಸುಮಾರು 1450 ಡಿಗ್ರಿಯಲ್ಲಿ ಸುಡುತ್ತಾರೆ. ಅಷ್ಟು ಕಾವು ಯಾಕೆ? ಎಷ್ಟೇ ನುಣ್ಣಗೆ ಅರೆದರೂ ಒಂದೊಂದು ಕಣದಲ್ಲಿ ಕೋಟಿಗಟ್ಟಲೆ ಪರಮಾಣುಗಳಿರುತ್ತವೆ. ಒಂದು ಕಣದ ಲೋಹ ಪಕ್ಕದ ಕಣದೊಳಕ್ಕೆ ಹೋಗಿ ಸೇರಬೇಕು. ಗಟ್ಟಿ ವಸ್ತುವಿನಲ್ಲಿ ಆ ಓಡಾಟ ಬಲು ನಿಧಾನ.

ಹಾಗಾದರೆ ಕೋಬಾಲ್ಟ್, ಕಬ್ಬಿಣ ಎರಡರ ಉಪ್ಪನ್ನೂ ನೀರಲ್ಲಿ ಕರಗಿಸಿದರೆ ಆಯ್ತಲ್ವಾ? ಕರಗಿರುವಾಗ ಸರಿ. ನೀರು ಆರುತ್ತಾ ಬಂದಂತೆ ಕಡಿಮೆ ಕರಗುವ ಉಪ್ಪು ಮೊದಲು ಹರಳುಗಟ್ಟುತ್ತದೆ, ಮತ್ತೆ ಬೇರೆ ಬೇರೆ. ಪಾಲಿಮರ್ (ಉದ್ದ ಸರಪಳಿಯಂಥ ಅಣು) ಬೇಕಾಗುವುದು ಇಲ್ಲೇ. ಪಾಲಿವಿನೈಲ್ ಆಲ್ಕೋಹಾಲ್, ಅಂದರೆ ಪಿವಿಎಯ ಸರಪಳಿಯುದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ನೀರು ಹೋದರೂ ಅವು ಕದಲುವುದಿಲ್ಲ. ಪೆಚಿನಿ ಎಂಬುವರು 1967ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಇದೇ ಕೆಲಸವನ್ನು ಸಿಟ್ರಿಕ್ ಆಮ್ಲ, ಎಥಿಲೀನ್ ಗ್ಲೈಕಾಲ್ ಸೇರಿ ಮಾಡುತ್ತವೆ. ಅಲ್ಲಿ ಪಾಲಿಮರ್ ಬೀಕರಿನಲ್ಲೇ ಹುಟ್ಟುತ್ತದೆ.

ಲೆಕ್ಕ ಸುಲಭ. ಒಂದು ಕೋಬಾಲ್ಟ್‌ಗೆ ಎರಡು ಕಬ್ಬಿಣ. 0.01 ಮೋಲ್ ಫೆರೈಟ್‌ಗೆ ಕೋಬಾಲ್ಟ್ ನೈಟ್ರೇಟ್ (6 ನೀರಿನದು) 2.91 ಗ್ರಾಂ, ಫೆರಿಕ್ ನೈಟ್ರೇಟ್ (9 ನೀರಿನದು) 8.08 ಗ್ರಾಂ. ಕೊನೆಗೆ ಸಿಗುವುದು ಹೆಚ್ಚೆಂದರೆ 2.35 ಗ್ರಾಂ! ಮಳೆಗಾಲದಲ್ಲಿ ಫೆರಿಕ್ ನೈಟ್ರೇಟ್ ಬಾಟಲಿ ತೆರೆದಿಡಬೇಡಿ. ತೇವ ಹೀರಿದರೆ ತೂಕ ಸರಿಯಿರುತ್ತದೆ, ಕಬ್ಬಿಣ ಕಡಿಮೆಯಿರುತ್ತದೆ. ಕ್ಲೋರೈಡ್ ಉಪ್ಪು ಬೇಡ, ಕ್ಲೋರಿನ್ ಉಳಿದುಬಿಡಬಹುದು.

ಪಿವಿಎ ಪುಡಿಯನ್ನು ತಣ್ಣೀರಿಗೆ ಹಾಕಿ ಕಲಕುತ್ತಾ 80–90 ಡಿಗ್ರಿಗೆ ಏರಿಸಿ. ನೇರ ಬಿಸಿನೀರಿಗೆ ಸುರಿದರೆ ಗಂಟು ಗಂಟು, ಥೇಟ್ ಕೆಟ್ಟ ಅಂಬಲಿ. ಕರಗಿದ ಮೇಲೆ ಎರಡೂ ಉಪ್ಪಿನ ದ್ರಾವಣ ಸೇರಿಸಿ, ಜೆಲ್ ಆಗುವವರೆಗೆ ನೀರು ಆರಿಸಿ.

ಈಗ ಸುಡುವ ಮಾತು. ನೈಟ್ರೇಟ್ ಆಮ್ಲಜನಕ ಕೊಡುತ್ತದೆ, ಪಿವಿಎ ಉರುವಲು. ಅಂದರೆ ಒಣಗಿದ ಜೆಲ್ ಹೆಚ್ಚುಕಮ್ಮಿ ಪಟಾಕಿ ಮದ್ದೇ. ನಾನು ಮೊದಲ ಸಲ ಸಣ್ಣ ಕ್ರೂಸಿಬಲ್‌ನ (ಸುಡುವ ಬಟ್ಟಲಿನ) ಮುಕ್ಕಾಲು ಭಾಗ ತುಂಬಿದ್ದೆ. ಅದು ಉಬ್ಬಿ ಉಕ್ಕಿ ಫರ್ನೇಸ್ ತುಂಬಾ ಕರಿ ನೊರೆ. ಅರ್ಧ ಪುಡಿ ಹೋಯಿತು, ಬೈಸಿಕೊಂಡದ್ದು ಬೇರೆ. ಕಾಲು ಭಾಗ ಸಾಕು. ಕಾವನ್ನು ನಿಧಾನವಾಗಿ ಏರಿಸಿ. ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ವಿಷ. ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಇಲ್ಲದೆ ಮಾಡಲೇಬೇಡಿ. ಆಮೇಲೆ 600–700 ಡಿಗ್ರಿಯಲ್ಲಿ ಕೆಲವು ಗಂಟೆ.

ಪುಡಿ ಅಯಸ್ಕಾಂತಕ್ಕೆ ಅಂಟಿತು ಅಂತ ಸುಮ್ನೆ ಖುಷಿಪಡಬೇಡಿ. ಬರೀ ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್‌ಹೆಮೈಟ್ ಕೂಡ ಅಂಟುತ್ತದೆ. ಎಕ್ಸ್‌ಆರ್‌ಡಿ (ಎಕ್ಸ್‌ಕಿರಣದಿಂದ ಹರಳಿನ ರಚನೆ ಗುರುತಿಸುವ ಪರೀಕ್ಷೆ) ನೋಡಿ. ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ 35.4 ಡಿಗ್ರಿ ಕೋನದ (2θ) ಹತ್ತಿರ ಬರಬೇಕು. 33ರ ಹತ್ತಿರ ಇನ್ನೊಂದು ತಲೆಯೆತ್ತಿದ್ದರೆ ಹೆಮಟೈಟ್ (ಕೋಬಾಲ್ಟ್ ಜೊತೆ ಸೇರದೆ ಉಳಿದ ಕಬ್ಬಿಣದ ಆಕ್ಸೈಡ್) ಇದೆ ಎಂದರ್ಥ. ತೂಕದ ಪುಸ್ತಕ ಮತ್ತೆ ತೆಗೆಯಿರಿ.