ಮೆಕ್ಕೆಜೋಳದ ತೆನೆ ನೆಟ್ಟಗೆ ಹಾರಬೇಕಾದರೆ

ಮಾದರಿ ರಾಕೆಟ್ ಅಂದ ತಕ್ಷಣ ಉದ್ದ ಕೊಳವೆ, ಚೂಪು ಮೂಗು, ಹಿಂದೆ ಮೂರ್ನಾಲ್ಕು ರೆಕ್ಕೆ ನೆನಪಾಗುತ್ತದೆ. ಆದರೆ ಪೆನ್ಸಿಲ್, ಪಿರಮಿಡ್, ಹಾರುವ ತಟ್ಟೆ ಆಕಾರದ ಕಿಟ್‌ಗಳೂ ಇವೆ. ಹವ್ಯಾಸಿಗಳು ಇವನ್ನು ‘ಆಡ್-ರಾಕ್’, ಅಂದರೆ ವಿಚಿತ್ರ ಆಕಾರದ ರಾಕೆಟ್, ಎಂದು ಕರೆಯುತ್ತಾರೆ. ನಮ್ಮದು ದಾವಣಗೆರೆ. ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಹಾಗಾಗಿ ನಾನು ತೆನೆ ಆಕಾರದ್ದನ್ನೇ ಮಾಡಿದೆ. ಅದರಿಂದ ಕಲಿತದ್ದು ಇಲ್ಲಿದೆ.

ಮೊದಲು ಎರಡು ಬಿಂದು ಗೊತ್ತಿರಬೇಕು. ಒಂದು ತೂಕದ ಕೇಂದ್ರ. ರಾಕೆಟ್ಟನ್ನು ಬೆರಳ ಮೇಲೆ ಅಡ್ಡ ಇಟ್ಟರೆ ಅದು ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿ. ಇನ್ನೊಂದು ಒತ್ತಡದ ಕೇಂದ್ರ. ಪಕ್ಕದಿಂದ ಗಾಳಿ ಬಡಿದಾಗ ಅದರ ಬಲವೆಲ್ಲ ಒಟ್ಟಾಗಿ ಬೀಳುವ ಜಾಗ. ತೂಕದ ಕೇಂದ್ರ ಮುಂದೆ, ಒತ್ತಡದ ಕೇಂದ್ರ ಹಿಂದೆ ಇದ್ದರೆ ರಾಕೆಟ್ ಸ್ವಲ್ಪ ವಾಲಿದರೂ ಗಾಳಿ ಅದರ ಬಾಲವನ್ನು ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ನಡುವಿನ ಅಂತರ ಕನಿಷ್ಠ ರಾಕೆಟ್ಟಿನ ಅಗಲದಷ್ಟಾದರೂ ಇರಲಿ. ದೀಪಾವಳಿ ರಾಕೆಟ್ಟಿಗೆ ಉದ್ದ ಕಡ್ಡಿ ಯಾಕೆ ಇರುತ್ತೆ? ಅದಿಲ್ಲದಿದ್ದರೆ ಅದು ಅಡ್ಡಾದಿಡ್ಡಿ ಓಡುತ್ತದೆ, ಅಲ್ವಾ?

ಕಿಟ್‌ಗಳಲ್ಲಿ ಕಾರ್ಖಾನೆಯಲ್ಲಿ ಮದ್ದು ತುಂಬಿ ತಯಾರಿಸಿದ ಮೋಟಾರ್ ಹಾಕುತ್ತಾರೆ. ಸಿ6-5 ಅಂತ ಬರೆದಿದ್ದರೆ, ಸಿ ಅಂದರೆ ಒಟ್ಟು ತಳ್ಳಿನ (ಬಲ × ಸಮಯ) ವರ್ಗ, 5ರಿಂದ 10 ನ್ಯೂಟನ್-ಸೆಕೆಂಡ್. ನ್ಯೂಟನ್ ಅಂದರೆ ಬಲದ ಅಳತೆ. 6 ಅಂದರೆ ಸರಾಸರಿ 6 ನ್ಯೂಟನ್ ತಳ್ಳು. ಕೊನೆಯ 5 ಅಂದರೆ ಮದ್ದು ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರಲು 5 ಸೆಕೆಂಡ್. ತಟ್ಟೆ, ಪಿರಮಿಡ್‌ನಂಥವಕ್ಕೆ ಗಾಳಿಯ ತಡೆ ಜಾಸ್ತಿ. ಮದ್ದು ಮುಗಿದ ಕೂಡಲೇ ವೇಗ ಕಳೆದುಕೊಳ್ಳುತ್ತವೆ. ಅವಕ್ಕೆ ಕೊನೆಯ ಅಂಕಿ ಚಿಕ್ಕದಿರುವ ಮೋಟಾರೇ ಸರಿ. ಮೋಟಾರಿನೊಳಗೆ ಇರುವುದು ಮದ್ದು. ಅದನ್ನು ಮನೆಯಲ್ಲಿ ತಯಾರಿಸಲೇಬೇಡಿ.

ನಾನು ಹಾರಿಸಿದ್ದು ಬರೀ ಗಾಳಿಯಿಂದ. ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ, ಹಳೇ ಸೈಕಲ್ ಟ್ಯೂಬ್, ಅರ್ಧ ಇಂಚಿನ ಪಿವಿಸಿ ಪೈಪ್. ಬಾಟಲಿಗೂ ಪೈಪಿಗೂ ನಡುವೆ ಟ್ಯೂಬ್. ಬಾಟಲಿ ತುಳಿದರೆ ಒಳಗಿನ ಗಾಳಿ ನುಗ್ಗಿ ಪೈಪಿನ ಮೇಲಿನ ರಾಕೆಟ್ ಹಾರುತ್ತದೆ.

ಡ್ರಾಯಿಂಗ್ ಶೀಟ್ ಮೂರು ಸುತ್ತು ಸುತ್ತಿ ಶಂಕು ಮಾಡಿದೆ. ಉದ್ದ 30 ಸೆಂ.ಮೀ., ಬುಡದ ಅಗಲ 6 ಸೆಂ.ಮೀ. ಒಳಗೆ ಪೈಪ್ ಕೂರುವಂತೆ ತುದಿ ಮುಚ್ಚಿದ ಕಾಗದದ ಕೊಳವೆ. ಮೇಲೆ ಹಳದಿ ಬಣ್ಣ, ಸಾಲುಸಾಲಾಗಿ ಕಾಳಿನ ಗುರುತು. ಒಟ್ಟು 20 ಗ್ರಾಂ. ಕೊಯ್ಲಾದ ಹೊಲದಲ್ಲಿ ಮೊದಲ ಸಲ ತುಳಿದಾಗ ಎರಡಾಳು ಎತ್ತರ ಹೋಗಿ ಗಿರಗಿರ ತಿರುಗಿ ಬಿತ್ತು. ಎರಡನೇ ಸಲವೂ ಹಾಗೇ. ಬೇಜಾರಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಶಂಕುವಿನ ಒತ್ತಡದ ಕೇಂದ್ರ ತುದಿಯಿಂದ ಮೂರರಲ್ಲಿ ಎರಡು ಭಾಗದ ದೂರದಲ್ಲಿರುತ್ತದೆ, ಅಂದರೆ 20 ಸೆಂ.ಮೀ. ಟೊಳ್ಳು ಶಂಕುವಿನ ತೂಕದ ಕೇಂದ್ರವೂ ಅಲ್ಲೇ! ಬೆರಳ ಮೇಲಿಟ್ಟೆ. ಸರಿಯಾಗಿ 20ರ ಹತ್ತಿರ ನಿಂತಿತು. ಎರಡೂ ಬಿಂದು ಒಂದರ ಮೇಲೊಂದು ಕೂತಿದ್ದವು. ಗಾಳಿಗೆ ತಳ್ಳಲು ಬಾಲವೇ ಇರಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ನೀವೂ ಒಮ್ಮೆ ಮಾಡಿ ನೋಡಿ.

ಮಕ್ಕಳಾಡುವ ಕ್ಲೇ 20 ಗ್ರಾಂ ತೂಗಿ, ಕೊಳವೆ ಕೂರಿಸುವ ಮೊದಲೇ ತುದಿಗೆ ಒತ್ತಿ ಹೊಸ ತೆನೆ ಮಾಡಿದೆ. ಕ್ಲೇ ತುದಿಯಿಂದ ಸುಮಾರು 10 ಸೆಂ.ಮೀ. ತನಕ ತುಂಬಿತು. ತೂಕದ ಕೇಂದ್ರ 14 ಸೆಂ.ಮೀ. ಆಸುಪಾಸಿಗೆ ಬಂತು. ಅಂತರ 6 ಸೆಂ.ಮೀ., ಬುಡದ ಅಗಲದಷ್ಟೇ. ಆಮೇಲೆ ದಾರದ ಪರೀಕ್ಷೆ. ಸಮ ನಿಲ್ಲುವ ಜಾಗಕ್ಕೆ ಎರಡು ಮೀಟರ್ ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿದೆ. ಮೊದಲು ತಡವರಿಸಿತು. ಎರಡು ಸುತ್ತಾದ ಮೇಲೆ ಮೂಗು ಮುಂದೆ ಮಾಡಿಕೊಂಡು ನೆಟ್ಟಗೆ ಓಡಿತು. ಹೊಲದಲ್ಲೂ ಹಾಗೇ ಹೋಯಿತು. ಎತ್ತರ ಕಮ್ಮಿ, ಯಾಕಂದ್ರೆ ತೂಕ ಎರಡು ಪಟ್ಟಾಗಿತ್ತು. ಆದರೆ ಬಾಣದಂತೆ ಹೋಯಿತು. ನೋಡಿ ಕುಣಿಯುವಂತಾಯಿತು.

ಬೇರೆ ಆಕಾರವಾದರೆ? ರಾಕೆಟ್ಟಿನ ನೆರಳಿನಂತೆ ರಟ್ಟು ಕತ್ತರಿಸಿ, ಅದು ಸಮ ನಿಲ್ಲುವ ಜಾಗ ಗುರುತಿಸಿ. ಒತ್ತಡದ ಕೇಂದ್ರಕ್ಕೆ ಅದು ಒರಟು ಅಂದಾಜು. ಸರಿಯಾದ ಲೆಕ್ಕ ಬೇಕಾದರೆ 1966ರಲ್ಲಿ ಅಮೆರಿಕದ ರಾಕೆಟ್ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ ಹವ್ಯಾಸಿಗಳಿಗೆ ಕೊಟ್ಟ ಸೂತ್ರಗಳಿವೆ.

ಹಾಗಂತ ಬುಡಕ್ಕೆ ದೊಡ್ಡ ದೊಡ್ಡ ರೆಕ್ಕೆ ಅಂಟಿಸಿಬಿಟ್ಟರೆ ಮುಗಿಯಲಿಲ್ಲ. ಒತ್ತಡದ ಕೇಂದ್ರ ತೀರಾ ಹಿಂದೆ ಹೋದರೆ ರಾಕೆಟ್ ಗಾಳಿ ಬರುವ ದಿಕ್ಕಿಗೇ ಮೂಗು ತಿರುಗಿಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು ಸುಮ್ನೆ ನಿಂತಿಲ್ಲ. ಅಷ್ಟು ಗಾಳಿ ಬೀಸುವ ಕಡೆ ಹಾರಿಸುವುದಾದರೆ ಬೆಳಿಗ್ಗೆ ಗಾಳಿ ಏಳುವ ಮೊದಲೇ ಹೋಗಿ. ಕರೆಂಟ್ ತಂತಿಯಿಂದ ದೂರ ಇರಿ. ಪೈಪಿನ ಮೇಲೆ ಯಾರೂ ಬಗ್ಗಿ ನೋಡಬಾರದು.

ನನ್ನ ಮುಂದಿನದು ಬುಗುರಿ. ಅದರ ದಪ್ಪ ಭಾಗ ಮುಂದಿರಬೇಕೋ, ಮೊಳೆಯ ತುದಿ ಮುಂದಿರಬೇಕೋ? ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದೇನೆ.